ಬಾಯಿಗೆ ಬಾರದ ಪ್ರಾಸ

ಲಂಡನ್ನಿನ ಪೂರ್ವಭಾಗದ ಸಂತೆಯಲ್ಲಿ ‘ಹ್ಯಾವ್ ಎ ಬುಚರ್ಸ್ ಅಟ್ ದಿಸ್’ ಎಂದರೆ ‘ಇದನ್ನೊಮ್ಮೆ ನೋಡು’ ಎಂದರ್ಥ. ಬುಚರ್ ಎಂದರೆ ಮಾಂಸದಂಗಡಿಯವನು. ನೋಡುವುದಕ್ಕೂ ಅವನಿಗೂ ಯಾವ ನಂಟೂ ಇಲ್ಲ. ನಂಟಿರುವುದು ಅವನು ಮಾಂಸ ತೂಗುಹಾಕುವ ಕೊಕ್ಕೆಗೆ. ‘ಬುಚರ್ಸ್ ಹುಕ್’ ಎಂಬ ಜೋಡಿಯ ಕೊನೆಯ ಪದ ‘ಲುಕ್’ಗೆ ಪ್ರಾಸವಾಗುತ್ತದೆ. ಹಾಗಾಗಿ ‘ಲುಕ್’ ಎನ್ನಬೇಕಾದಲ್ಲಿ ‘ಬುಚರ್ಸ್ ಹುಕ್’ ಬಂತು. ಬಳಕೆ ಹೆಚ್ಚಿದಂತೆ ಪ್ರಾಸ ಕೂಡಿಸಿದ ‘ಹುಕ್’ ಬಿದ್ದುಹೋಗಿ ‘ಬುಚರ್ಸ್’ ಒಂದೇ ಉಳಿಯಿತು. ಅರ್ಥದ ಸುಳಿವಿರುವ ಭಾಗ ಬಾಯಿಗೆ ಬರುವುದಿಲ್ಲ, ಬಾಯಿಗೆ ಬರುವ ಭಾಗದಲ್ಲಿ ಸುಳಿವಿಲ್ಲ. ಕಾಕ್ನಿ ರೈಮಿಂಗ್ ಸ್ಲ್ಯಾಂಗ್ ಎಂದು ಹೆಸರಾದ ಈ ಪ್ರಾಸನುಡಿಯ ಜಾಣತನವೆಲ್ಲ ಇರುವುದು ಇಷ್ಟರಲ್ಲೇ.

ಪದ ಕಟ್ಟುವ ಬಗೆ

ಇಲ್ಲಿನ ಪ್ರಾಸ ಅಂತ್ಯಪ್ರಾಸ. ಹಳೆಯ ಕನ್ನಡ ಕಾವ್ಯ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಕಾಯ್ದುಕೊಂಡರೆ, ಇಂಗ್ಲಿಷಿನ ಕಿವಿ ಪದದ ಕೊನೆಗೆ ಕಾಯುತ್ತದೆ. ಪ್ರಾಸನುಡಿಯಲ್ಲಿ ಮರೆಮಾಡಬೇಕಾದ ಪದಕ್ಕೆ ಮೊದಲು ಪ್ರಾಸ ಹುಡುಕಬೇಕು. ಆ ಪ್ರಾಸಪದ ಎಲ್ಲರಿಗೂ ಗೊತ್ತಿರುವ ಒಂದು ಜೋಡಿಪದದ ಕೊನೆಯಲ್ಲಿರಬೇಕು. ‘ಆ್ಯಪಲ್ಸ್ ಅಂಡ್ ಪೇರ್ಸ್’ ಎಂದರೆ ಮೆಟ್ಟಿಲು, ‘ಸ್ಟೇರ್ಸ್’. ‘ಡಾಗ್ ಅಂಡ್ ಬೋನ್’ ಎಂದರೆ ಫೋನ್. ‘ಚೈನಾ ಪ್ಲೇಟ್’ ಎಂದರೆ ಗೆಳೆಯ, ‘ಮೇಟ್’. ‘ಪ್ಲೇಟ್ಸ್ ಆಫ್ ಮೀಟ್’ ಎಂದರೆ ಪಾದಗಳು, ‘ಫೀಟ್’. ‘ವಿಸಲ್ ಅಂಡ್ ಫ್ಲೂಟ್’ ಎಂದರೆ ಸೂಟು.

ಮುಂದಿನ ಹೆಜ್ಜೆ ಕತ್ತರಿಸುವುದು. ‘ಚೈನಾ ಪ್ಲೇಟ್’ ಬರೀ ‘ಚೈನಾ’ ಆಗುತ್ತದೆ. ‘ಮೈ ಓಲ್ಡ್ ಚೈನಾ’ ಎಂದರೆ ನನ್ನ ಹಳೆಯ ದೋಸ್ತಿ. ಸೂಟು ‘ವಿಸಲ್’ ಆಗುತ್ತದೆ, ಪಾದಗಳು ‘ಪ್ಲೇಟ್ಸ್’ ಆಗುತ್ತವೆ. ಆದರೆ ಕತ್ತರಿ ಎಲ್ಲಕ್ಕೂ ಬೀಳುವುದಿಲ್ಲ. ಸತ್ತವನಿಗೆ ಹೇಳುವ ‘ಬ್ರೌನ್ ಬ್ರೆಡ್’, ಕಳ್ಳನಿಗೆ ಹೇಳುವ ‘ಟೀ ಲೀಫ್’, ಕಾರಿಗೆ ಹೇಳುವ ‘ಜ್ಯಾಮ್ ಜಾರ್’ ಇಡಿಯಾಗಿಯೇ ಉಳಿದಿವೆ. ಯಾವುದನ್ನು ಕತ್ತರಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಸೂತ್ರವಿಲ್ಲ. ರೂಢಿಯೇ ಅಲ್ಲಿ ವ್ಯಾಕರಣ.

ಜೋಡಿಪದಕ್ಕೂ ಅದು ಮರೆಮಾಡುವ ಪದಕ್ಕೂ ಅರ್ಥದ ಸಂಬಂಧ ಇರಲೇಬೇಕೆಂದಿಲ್ಲ. ಇದ್ದರೆ ಮಾತಿಗೆ ಚುರುಕು ಹೆಚ್ಚು. ‘ಟ್ರಬಲ್ ಅಂಡ್ ಸ್ಟ್ರೈಫ್’ ಎಂದರೆ ಹೆಂಡತಿ, ‘ವೈಫ್’. ಪದಶಃ ‘ತಾಪತ್ರಯ ಮತ್ತು ಜಗಳ’. ಗಂಡಸರ ಪಡಸಾಲೆಯಲ್ಲಿ ಹುಟ್ಟಿದ ಹಾಸ್ಯವೆಂಬುದು ಅದರಲ್ಲೇ ಕಾಣುತ್ತದೆ. ಸಹೋದರಿಗೆ ‘ಸ್ಕಿನ್ ಅಂಡ್ ಬ್ಲಿಸ್ಟರ್’ ಎನ್ನುತ್ತಾರೆ. ಚರ್ಮ ಮತ್ತು ಬೊಬ್ಬೆ. ಹೆಚ್ಚಿನ ಪದಗಳಲ್ಲಿ ಇಂಥ ಚುಚ್ಚು ಇಲ್ಲ, ನಾದದ ಹೊಂದಿಕೆಯಷ್ಟೇ ಇದೆ.

ಬೋ ಗಂಟೆಯ ಸುತ್ತಲಿನವರು

ಕಾಕ್ನಿ ಎಂಬ ಪದ ಇಂಗ್ಲಿಷಿನಲ್ಲಿ ಮೊದಲು ಹೊಗಳಿಕೆಯಾಗಿರಲಿಲ್ಲ. ಮಧ್ಯಯುಗದಲ್ಲಿ ಅದು ವಿಕಾರ ಮೊಟ್ಟೆಯನ್ನೂ, ಮುದ್ದು ಮಾಡಿ ಕೆಡಿಸಿದ ಮಗುವನ್ನೂ ಸೂಚಿಸುತ್ತಿತ್ತು. ಹಳ್ಳಿಗರು ಪೇಟೆಯ ನಾಜೂಕಿನವರನ್ನು ಅದೇ ಪದದಿಂದ ಹಂಗಿಸಿದರು. 17ನೆಯ ಶತಮಾನದ ಮೊದಲ ವರ್ಷಗಳಿಗೆ ಅದು ಲಂಡನ್ನಿನ ಒಂದು ಭಾಗದವರ ಹೆಸರಾಗಿ ನಿಂತಿತು. ‘ಬೋ ಗಂಟೆಯ ಸದ್ದು ಕೇಳುವಷ್ಟು ದೂರದಲ್ಲಿ ಹುಟ್ಟಿದವನು ಕಾಕ್ನಿ’ ಎಂಬ ಲಕ್ಷಣವೂ ಆಗಲೇ ಬಳಕೆಯಲ್ಲಿತ್ತು.

ಈ ಗಂಟೆಗಳಿರುವುದು ಪೂರ್ವ ಲಂಡನ್ನಿನ ಬೋ ಬಡಾವಣೆಯಲ್ಲಿ ಎಂದು ಅನೇಕರು ತಿಳಿಯುತ್ತಾರೆ. ಅವು ಇರುವುದು ಹಳೆಯ ನಗರದ ಚೀಪ್‌ಸೈಡ್ ರಸ್ತೆಯ ಸೇಂಟ್ ಮೇರಿ ಲೆ ಬೋ ಚರ್ಚಿನಲ್ಲಿ. 1941ರ ಮೇ ತಿಂಗಳ ಜರ್ಮನ್ ಬಾಂಬ್ ದಾಳಿಯಲ್ಲಿ ಚರ್ಚು ಸುಟ್ಟು, ಗಂಟೆಗಳು ನೆಲಕ್ಕುರುಳಿದವು. ಮತ್ತೆ ಅವು ಮೊಳಗಿದ್ದು 1961ರಲ್ಲಿ. ಲಕ್ಷಣವನ್ನು ಅಕ್ಷರಶಃ ಹಿಡಿದರೆ ನಡುವಿನ ಇಪ್ಪತ್ತು ವರ್ಷ ಕಾಕ್ನಿಗಳೇ ಹುಟ್ಟಲಿಲ್ಲ ಎನ್ನಬೇಕಾಗುತ್ತದೆ. ವ್ಯವಹಾರದಲ್ಲಿ ಕಾಕ್ನಿ ಎಂದರೆ ಬೆತ್ನಲ್ ಗ್ರೀನ್, ವೈಟ್‌ಚಾಪೆಲ್, ಸ್ಟೆಪ್ನಿ, ಪಾಪ್ಲರ್ ಮುಂತಾದ ಕಡೆಯ ದುಡಿಯುವ ಜನ: ಹಡಗುಕಟ್ಟೆಯ ಕೂಲಿಗಳು, ತಳ್ಳುಗಾಡಿಯ ವ್ಯಾಪಾರಿಗಳು, ದರ್ಜಿಗಳು, ಮೀನು ಮಾರುವವರು.

ಹುಟ್ಟಿದ ಕಾಲ, ಹುಟ್ಟಿಸಿದವರು

ಈ ನುಡಿಗೆ ಗಟ್ಟಿಯಾದ ದಾಖಲೆಗಳು ಸಿಗುವುದು 19ನೆಯ ಶತಮಾನದ ನಡುಭಾಗದಿಂದ. ಲಂಡನ್ನಿನ ಬಡವರ ಬದುಕನ್ನು ವಿವರಿಸಿದ ಹೆನ್ರಿ ಮೇಹ್ಯೂ 1851ರ ಹೊತ್ತಿಗೇ, ಪ್ರಾಸದ ತತ್ತ್ವದ ಮೇಲೆ ನಡೆಯುವ ಹೊಸ ಬಗೆಯ ಮರೆಮಾತಿನ ಸುದ್ದಿ ಎತ್ತಿದ್ದ. 1857ರಲ್ಲಿ ಡ್ಯುಕಾಂಜ್ ಆ್ಯಂಗ್ಲಿಕಸ್ ಎಂಬ ಗುಪ್ತನಾಮದವನೊಬ್ಬ ಇಂಥ ಪದಗಳನ್ನು ಪಟ್ಟಿಮಾಡಿದ. 1859ರಲ್ಲಿ ಪುಸ್ತಕ ಪ್ರಕಾಶಕ ಜಾನ್ ಕ್ಯಾಮ್ಡೆನ್ ಹಾಟನ್ ತನ್ನ ಸ್ಲ್ಯಾಂಗ್ ನಿಘಂಟಿನಲ್ಲಿ ಪ್ರಾಸನುಡಿಗೆ ಪ್ರತ್ಯೇಕ ಜಾಗ ಕೊಟ್ಟ. ಅವನ ಲೆಕ್ಕದಲ್ಲಿ ಅದು ಚಾಲ್ತಿಗೆ ಬಂದದ್ದು 1840ರ ದಶಕದಲ್ಲಿ. ಬಳಸುತ್ತಿದ್ದವರು ಬೀದಿಯಲ್ಲಿ ಲಾವಣಿ ಹಾಡಿ ಹಾಳೆ ಮಾರುವವರು, ಮಾತಿನ ಮೋಡಿಯಿಂದ ಗಿರಾಕಿ ಸೇರಿಸುವವರು. ಪ್ರಾಸ ಕಟ್ಟುವುದೇ ಅವರ ಹೊಟ್ಟೆಪಾಡಾಗಿದ್ದುದರಿಂದ ಈ ಮಾತು ನಂಬುವಂತಿದೆ.

ತರಕಾರಿ, ಹಣ್ಣು, ಮೀನು ಮಾರುವ ತಳ್ಳುಗಾಡಿಯವರಲ್ಲಿ ಆಗ ಇದ್ದದ್ದು ಬೇರೊಂದು ಮರೆಮಾತು. ಅದರಲ್ಲಿ ಪದವನ್ನು ತಿರುಗುಮುರುಗು ಮಾಡಲಾಗುತ್ತಿತ್ತು. ‘ಬಾಯ್’ ಅದರಲ್ಲಿ ‘ಯಾಬ್’ ಆಯಿತು. ಪುಂಡ ಹುಡುಗನಿಗೆ ಇಂದಿನ ಇಂಗ್ಲಿಷಿನಲ್ಲಿ ‘ಯಾಬ್’ ಎನ್ನುವುದು ಆ ತಿರುಗುನುಡಿಯ ಉಳಿಕೆ.

ಪ್ರಾಸನುಡಿ ಹುಟ್ಟಿದ್ದು ಕಳ್ಳರು ಪೊಲೀಸರ ಕಿವಿ ತಪ್ಪಿಸಲೆಂದು ಎಂಬ ವಿವರಣೆ ಬಹಳ ಪ್ರಚಲಿತ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ದಳ ಸ್ಥಾಪನೆಯಾದದ್ದು 1829ರಲ್ಲಿ, ಕಾಲ ಸರಿಹೊಂದುತ್ತದೆ. ಗಿರಾಕಿಗೆ ತಿಳಿಯದಂತೆ ಬೆಲೆ ಮಾತಾಡಲೆಂದು ವ್ಯಾಪಾರಿಗಳು ಕಟ್ಟಿದರು ಎಂಬುದು ಇನ್ನೊಂದು ಊಹೆ. ಹಡಗುಕಟ್ಟೆ, ಕಾಲುವೆಗಳ ಕೆಲಸಕ್ಕೆ ಬಂದ ಐರಿಷ್ ಕೂಲಿಗಳ ಜೊತೆಗಿನ ಪೈಪೋಟಿಯಲ್ಲಿ ಬೆಳೆಯಿತು ಎಂಬುದು ಮತ್ತೊಂದು. ಆದರೆ ಪದಗಳ ಪಟ್ಟಿಯೇ ಬೇರೆ ಕಥೆ ಹೇಳುತ್ತದೆ. ಮೆಟ್ಟಿಲು, ಪಾದ, ಕೂದಲು, ಚಹಾ, ಟೋಪಿ, ಹೆಂಡತಿ, ಮಗು ಇವುಗಳಲ್ಲಿ ಪೊಲೀಸರಿಂದ ಮುಚ್ಚಿಡಬೇಕಾದದ್ದು ಏನೂ ಇಲ್ಲ. ಗುಟ್ಟಿಗಿಂತ ಆಟ, ಆಟಕ್ಕಿಂತ ‘ನಮ್ಮವರು’ ಎಂಬ ಗುರುತು ಈ ನುಡಿಯನ್ನು ಬೆಳೆಸಿತು. ಉಚ್ಚರಿಸದೆ ಬಿಟ್ಟ ಪ್ರಾಸವನ್ನು ಕೇಳುವವನು ತಾನೇ ತುಂಬಿಕೊಂಡರೆ ಅವನು ಒಳಗಿನವನು. ಕಣ್ಣು ಕಣ್ಣು ಬಿಟ್ಟರೆ ಹೊರಗಿನವನು.

ಕಿವಿಯ ಲೆಕ್ಕ

ಪ್ರಾಸ ಕೂಡುವುದು ಬರಹದಲ್ಲಲ್ಲ, ಆಯಾ ಊರಿನ ಉಚ್ಚಾರದಲ್ಲಿ. ‘ರ್‍ಯಾಬಿಟ್ ಅಂಡ್ ಪೋರ್ಕ್’ ಎಂದರೆ ಮಾತಾಡು, ‘ಟಾಕ್’. ಬಿಡುವಿಲ್ಲದೆ ವಟಗುಟ್ಟುವುದಕ್ಕೆ ಬ್ರಿಟನ್ನಿನಲ್ಲಿ ‘ರ್‍ಯಾಬಿಟಿಂಗ್’ ಎನ್ನುವುದು ಇದರಿಂದಲೇ. ಲಂಡನ್ನಿನವರು ‘ಪೋರ್ಕ್’ನ ರಕಾರವನ್ನು ನುಂಗುತ್ತಾರೆ, ಆದ್ದರಿಂದ ಅದು ‘ಟಾಕ್’ಗೆ ಸರಿಯಾಗಿ ಕೂಡುತ್ತದೆ. ಕನ್ನಡಿಗರ ಇಂಗ್ಲಿಷಿನಲ್ಲಿ ರಕಾರ ಗಟ್ಟಿಯಾಗಿ ನಿಲ್ಲುವುದರಿಂದ ಇಲ್ಲಿನ ಕಿವಿಗೆ ಅದರಲ್ಲಿ ಪ್ರಾಸವೇ ಕೇಳಿಸುವುದಿಲ್ಲ.

ಕಿವುಡು ಎಂಬುದಕ್ಕಿರುವ ಎರಡು ಪದಗಳು ಈ ಮಾತನ್ನು ಇನ್ನೂ ಸ್ಪಷ್ಟಪಡಿಸುತ್ತವೆ. ಕಿವುಡನಿಗೆ ಲಂಡನ್ನಿನಲ್ಲಿ ‘ಮಟ್ ಅಂಡ್ ಜೆಫ್’ ಎನ್ನುತ್ತಾರೆ. ಅದು ಅಮೆರಿಕದ ಹಳೆಯ ವ್ಯಂಗ್ಯಚಿತ್ರಮಾಲೆಯೊಂದರ ಜೋಡಿ ಪಾತ್ರಗಳ ಹೆಸರು; ‘ಜೆಫ್’ಗೆ ‘ಡೆಫ್’ ಪ್ರಾಸ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಅದೇ ಕಿವುಡನಿಗೆ ‘ಕಾರ್ನ್ಡ್ ಬೀಫ್’ ಎನ್ನುತ್ತಾರೆ, ಏಕೆಂದರೆ ಅಲ್ಲಿನ ನುಡಿಯಲ್ಲಿ ಆ ಪದದ ಉಚ್ಚಾರ ‘ಡೀಫ್’. ಒಂದು ಊರಿನ ಪ್ರಾಸ ಇನ್ನೊಂದು ಊರಿನಲ್ಲಿ ಸಲ್ಲುವುದಿಲ್ಲ.

‘ಕೈಬರ್’ ಎಂಬುದೂ ಹೀಗೆಯೇ. ಕೈಬರ್ ಕಣಿವೆಯ ಹೆಸರಿನ ‘ಪಾಸ್’ ದಕ್ಷಿಣ ಇಂಗ್ಲೆಂಡಿನ ದೀರ್ಘ ಆಕಾರದಲ್ಲಿ, ಅಂಡಿಗೆ ಅಲ್ಲಿ ಬಳಸುವ ಒರಟು ಪದಕ್ಕೆ ಪ್ರಾಸ. ಉತ್ತರ ಇಂಗ್ಲೆಂಡಿನವರು ‘ಪ್ಯಾಸ್’ ಎನ್ನುವುದರಿಂದ ಅವರಿಗದು ಕೂಡುವುದಿಲ್ಲ. ಬ್ರಿಟಿಷ್ ಭಾರತದ ಗಡಿಯ ಕಥೆ ಇಟ್ಟುಕೊಂಡು 1968ರಲ್ಲಿ ಬಂದ ‘ಕ್ಯಾರಿ ಆನ್ ಅಪ್ ದಿ ಕೈಬರ್’ ಎಂಬ ಹಾಸ್ಯ ಚಿತ್ರದ ಹೆಸರಿನಲ್ಲೇ ಈ ಶ್ಲೇಷೆಯಿದೆ. ಹೊರನೋಟಕ್ಕೆ ಅದು ಭೂಗೋಳ. ಒಳಗಿನದು ಬ್ರಿಟಿಷ್ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಹೆಸರುಗಳ ಉಗ್ರಾಣ

ಪ್ರಾಸನುಡಿ ಊರು, ಸಂತೆ, ಮನುಷ್ಯರ ಹೆಸರುಗಳನ್ನು ಸಲೀಸಾಗಿ ಎತ್ತಿಕೊಳ್ಳುತ್ತದೆ. ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್ಟಿನಲ್ಲಿ ಕುದುರೆ ಜಾತ್ರೆ ನಡೆಯುತ್ತಿತ್ತು. ‘ಬಾರ್ನೆಟ್ ಫೇರ್’ ‘ಹೇರ್’ಗೆ ಪ್ರಾಸವಾಗಿ, ‘ಬಾರ್ನೆಟ್’ ತಲೆಗೂದಲಿಗೆ ಹೆಸರಾಯಿತು. ಜಾತ್ರೆಯ ಗದ್ದಲ ಅಡಗಿದ ಮೇಲೂ ಕ್ಷೌರದ ಮಾತಿನಲ್ಲಿ ಬಾರ್ನೆಟ್ ಉಳಿದಿದೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ನಡುವೆ 1829ರಲ್ಲಿ ಶುರುವಾದ ದೋಣಿ ಸ್ಪರ್ಧೆ ‘ಬೋಟ್ ರೇಸ್’. ಅದು ‘ಫೇಸ್’ಗೆ ಪ್ರಾಸವಾಗಿ, ಮುಖ ‘ಬೋಟ್’ ಆಯಿತು.

‘ಆನ್ ಯುವರ್ ಟಾಡ್’ ಎಂದರೆ ಒಂಟಿಯಾಗಿ. ಟಾಡ್ ಸ್ಲೋನ್ 1890ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕುದುರೆ ರೇಸುಗಳಲ್ಲಿ ಹೆಸರು ಮಾಡಿದ ಅಮೆರಿಕದ ಜಾಕಿ. ‘ಸ್ಲೋನ್’ ಎಂಬುದು ‘ಆನ್ ಯುವರ್ ಓನ್’ ಎಂಬಲ್ಲಿನ ‘ಓನ್’ಗೆ ಪ್ರಾಸ. ಆ ಜಾಕಿ ಯಾರೆಂದು ಈಗ ತಿಳಿದವರು ವಿರಳ, ಮಾತು ಮಾತ್ರ ನಿತ್ಯ ಬಳಕೆಯಲ್ಲಿದೆ.

ಭಾರತದ ಊಟವೂ ಈ ಉಗ್ರಾಣ ಸೇರಿದೆ. ಬೆಲ್‌ಫಾಸ್ಟ್ ಮೂಲದ ಗಾಯಕಿ ರೂಬಿ ಮರ್ರಿಯ ಐದು ಹಾಡುಗಳು 1955ರಲ್ಲಿ ಒಂದೇ ವಾರ ಬ್ರಿಟನ್ನಿನ ಮೊದಲ ಇಪ್ಪತ್ತು ಹಾಡುಗಳ ಪಟ್ಟಿಯಲ್ಲಿದ್ದವು. ಅವರ ಹೆಸರು ‘ಕರ್ರಿ’ಗೆ ಪ್ರಾಸ. ‘ಗೋಯಿಂಗ್ ಫಾರ್ ಎ ರೂಬಿ’ ಎಂದರೆ ಭಾರತೀಯ ಶೈಲಿಯ ಹೋಟೆಲಿಗೆ ಊಟಕ್ಕೆ ಹೋಗುವುದು. ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಇಂಥ ಹೋಟೆಲುಗಳನ್ನು ಸಾಲಾಗಿ ತೆರೆದವರು ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ಬಂದವರು. ಐರಿಷ್ ಗಾಯಕಿಯ ಹೆಸರು, ಬಂಗಾಳಿ ಅಡುಗೆಯವರ ಸಾರು, ಲಂಡನ್ನಿನ ನಾಲಿಗೆ ಒಂದೇ ಪದದಲ್ಲಿ ಕಲೆತಿವೆ.

ಹೆಸರು ಪೊಲೀಸರನ್ನೂ ಬಿಟ್ಟಿಲ್ಲ. ಲಂಡನ್ ಪೊಲೀಸರ ‘ಫ್ಲೈಯಿಂಗ್ ಸ್ಕ್ವಾಡ್’ಗೆ, ಗಿರಾಕಿಗಳ ಕತ್ತು ಕೊಯ್ಯುವ ಕಥೆಯ ಕ್ಷೌರಿಕ ‘ಸ್ವೀನಿ ಟಾಡ್’ನ ಹೆಸರು ಅಂಟಿ, ಅದು ‘ದಿ ಸ್ವೀನಿ’ ಆಯಿತು. 1975ರಿಂದ 1978ರವರೆಗೆ ಬಂದ ಅದೇ ಹೆಸರಿನ ಟಿ.ವಿ. ಧಾರಾವಾಹಿ ಆ ಪದವನ್ನು ಇಡೀ ಬ್ರಿಟನ್ನಿಗೆ ಮುಟ್ಟಿಸಿತು.

ಊರು ದಾಟಿದ ಮಾತುಗಳು

ಕತ್ತರಿಸಿದ ಪದಗಳು ಊರು ದಾಟಿದಾಗ ಪ್ರಾಸದ ನೆನಪು ಹಿಂದೆ ಉಳಿಯುತ್ತದೆ. ‘ಯೂಸ್ ಯುವರ್ ಲೋಫ್’ ಎಂದರೆ ‘ಸ್ವಲ್ಪ ತಲೆ ಓಡಿಸು’. ‘ಲೋಫ್ ಆಫ್ ಬ್ರೆಡ್’ ‘ಹೆಡ್’ಗೆ ಪ್ರಾಸ ಎಂಬುದನ್ನು ಯೋಚಿಸದೆಯೇ ಇಂಗ್ಲೆಂಡಿನ ಮೇಷ್ಟರು ಮಕ್ಕಳಿಗೆ ಇದನ್ನು ಹೇಳುತ್ತಾರೆ. ‘ಪೋರ್ಕೀಸ್’ ಎಂದರೆ ಸುಳ್ಳುಗಳು. ಮೂಲ ‘ಪೋರ್ಕ್ ಪೈಸ್’, ಪ್ರಾಸ ‘ಲೈಸ್’. ಎದುರಾಳಿಯನ್ನು ನೇರವಾಗಿ ಸುಳ್ಳುಗಾರ ಎನ್ನುವುದಕ್ಕಿಂತ ‘ಪೋರ್ಕೀಸ್ ಹೇಳುತ್ತಿದ್ದಾನೆ’ ಎಂದರೆ ಏಟು ಮೆತ್ತಗೆ ಬೀಳುತ್ತದೆ.

ಮೆತ್ತಗಾಗಿಸುವ ಈ ಗುಣ ಅಸಭ್ಯ ಪದಗಳ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬಂದಿದೆ. ನಾಲಿಗೆ ಹೊರಚಾಚಿ ಊದಿ ಅಣಕಿಸುವ ಸದ್ದಿಗೆ ‘ರಾಸ್ಪ್‌ಬೆರಿ’ ಎನ್ನುತ್ತಾರೆ. ‘ರಾಸ್ಪ್‌ಬೆರಿ ಟಾರ್ಟ್’ ಎಂಬ ಸಿಹಿತಿಂಡಿಯ ಹೆಸರು ಹೂಸಿನ ಇಂಗ್ಲಿಷ್ ಪದಕ್ಕೆ ಪ್ರಾಸ. 1981ರಿಂದ ಕೆಟ್ಟ ಚಲನಚಿತ್ರಗಳಿಗೆ ಕೊಡುವ ಗೋಲ್ಡನ್ ರಾಸ್ಪ್‌ಬೆರಿ ಅಥವಾ ರ್‍ಯಾಝಿ ಪ್ರಶಸ್ತಿಗಳ ಹೆಸರು ಬಂದದ್ದು ಈ ಅಣಕದ ಸದ್ದಿನಿಂದ. ‘ಬರ್ಕ್’ ಎಂದರೆ ಪೆದ್ದ, ಮನೆಮಂದಿಯ ಮುಂದೆಯೂ ಆಡಬಹುದಾದ ಬೈಗುಳ. ಅದು ಒಂದು ಬೇಟೆಗಾರ ತಂಡದ ಹೆಸರಿನ ತುಂಡು. ಆ ಹೆಸರಿನ ಕೊನೆಯ ‘ಹಂಟ್’ಗೆ ಪ್ರಾಸವಾಗುವ ಪದ ಇಂಗ್ಲಿಷಿನ ಅತಿ ಒರಟು ಬೈಗುಳಗಳಲ್ಲೊಂದು. ಪ್ರಾಸ ಮರೆತದ್ದರಿಂದಲೇ ‘ಬರ್ಕ್’ ಸಭ್ಯವಾಯಿತು.

ಒಂದರ ಮೇಲೊಂದು ಮುಸುಕು ಹಾಕುವುದೂ ಉಂಟು. ಅಂಡಿನ ಅದೇ ಒರಟು ಪದಕ್ಕೆ ‘ಬಾಟಲ್ ಅಂಡ್ ಗ್ಲಾಸ್’ ಪ್ರಾಸವಾಯಿತು, ಅದು ‘ಬಾಟಲ್’ ಎಂದು ಮೊಟಕಾಯಿತು. ‘ಬಾಟಲ್’ಗೆ ಗ್ರೀಕ್ ತತ್ತ್ವಜ್ಞಾನಿ ‘ಅರಿಸ್ಟಾಟಲ್’ ಪ್ರಾಸವಾದ. ಅವನೂ ಮೊಟಕಾಗಿ ‘ಆ್ಯರಿಸ್’ ಆದ. ಮೂಲ ಪದದಿಂದ ಇಷ್ಟು ದೂರ ಬಂದ ಮೇಲೂ ‘ಆ್ಯರಿಸ್’ ಎಂದರೆ ಅಂಡು ಎಂದೇ ಅರ್ಥ.

ಪ್ರಾಸದ ಹುಚ್ಚು ಸುಳ್ಳು ವ್ಯುತ್ಪತ್ತಿಗಳನ್ನೂ ಹುಟ್ಟಿಸಿದೆ. ‘ಸ್ಕಾರ್ಪರ್’ ಎಂದರೆ ಪರಾರಿಯಾಗು. 1919ರಲ್ಲಿ ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ ‘ಸ್ಕಾಪಾ ಫ್ಲೋ’ ಎಂಬ ಜಾಗದ ಹೆಸರು ‘ಗೋ’ಗೆ ಪ್ರಾಸ, ಪದ ಬಂದದ್ದು ಅಲ್ಲಿಂದ ಎನ್ನುತ್ತಾರೆ. ಆದರೆ ಆ ಪದ 19ನೆಯ ಶತಮಾನದಲ್ಲೇ ಬಳಕೆಯಲ್ಲಿತ್ತು. ಮೂಲ ಇಟಾಲಿಯನ್ನಿನ ‘ಸ್ಕಪ್ಪಾರೆ’. ಲಂಡನ್ನಿನ ಜೂಜುಕೋರರು 500 ಪೌಂಡಿಗೆ ‘ಮಂಕಿ’ ಎನ್ನುವುದಕ್ಕೆ ಭಾರತದ 500 ರೂಪಾಯಿ ನೋಟಿನ ಮೇಲಿದ್ದ ಕೋತಿಯ ಚಿತ್ರ ಕಾರಣ ಎಂಬ ಕಥೆಯೂ ಹೀಗೆಯೇ. ಭಾರತದಲ್ಲಿ ಸರ್ಕಾರಿ ನೋಟುಗಳು ಬಂದದ್ದು 1861ರ ಕಾಯ್ದೆಯ ನಂತರ. ಪದ ಅದಕ್ಕೂ ಹಳೆಯದು, ಕೋತಿಯ ಚಿತ್ರದ ನೋಟು ಇರಲೂ ಇಲ್ಲ. ಭಾರತದಿಂದ ನಿಜವಾಗಿ ಹೋದದ್ದು ‘ಡೆಕ್ಕೋ’: ಹಿಂದಿಯ ‘ದೇಖೋ’ ಸೈನಿಕರ ಬಾಯಲ್ಲಿ ಹಡಗು ಹತ್ತಿತು. ‘ಹ್ಯಾವ್ ಎ ಡೆಕ್ಕೋ’ ಮತ್ತು ‘ಹ್ಯಾವ್ ಎ ಬುಚರ್ಸ್’ ಎರಡಕ್ಕೂ ಈಗ ಅರ್ಥ ಒಂದೇ.

ಬಳಸುವ ಕ್ರಮ

ಪ್ರಾಸಪದ ವಾಕ್ಯದೊಳಗೆ ತಾನು ಮರೆಮಾಡಿದ ಪದದ ಜಾಗದಲ್ಲೇ ಕೂರುತ್ತದೆ. ‘ಬುಚರ್ಸ್’ ನಾಮಪದವಾದ ‘ಲುಕ್’ನ ಜಾಗದಲ್ಲಿ ಮಾತ್ರ ಬರುತ್ತದೆ. ‘ಹ್ಯಾವ್ ಎ ಬುಚರ್ಸ್’, ‘ಟೇಕ್ ಎ ಬುಚರ್ಸ್’ ಸರಿ. ಅದನ್ನು ಕ್ರಿಯಾಪದ ಮಾಡಿ ‘ಬುಚರ್ಡ್’ ಎಂದರೆ ಕಡಿದು ಕೊಂದ ಎಂದಾಗುತ್ತದೆ. ಕ್ರಿಯಾಪದಕ್ಕೆ ನಿಲ್ಲುವ ಪದಗಳು ಬೇರೆ ಇವೆ. ‘ವುಡ್ ಯು ಆ್ಯಡಮ್ ಅಂಡ್ ಈವ್ ಇಟ್’ ಎಂದರೆ ‘ನಂಬೋಕಾಗುತ್ತಾ ಇದನ್ನ’, ಪ್ರಾಸ ‘ಬಿಲೀವ್’. ‘ಹಾಫ್ ಇಂಚ್’ ಎಂದರೆ ಲಪಟಾಯಿಸು, ಪ್ರಾಸ ‘ಪಿಂಚ್’.

ಇದು ಸಲಿಗೆಯ ನುಡಿ. ಹೆಂಡದಂಗಡಿ, ಸಂತೆ, ಕ್ರೀಡಾಂಗಣ, ಕೆಲಸದ ಬಿಡುವಿನ ಹರಟೆ ಇದರ ಜಾಗ. ಅರ್ಜಿ, ನ್ಯಾಯಾಲಯ, ಸಂತಾಪದ ಪತ್ರ ಅಲ್ಲ. ಒಂದು ಮಾತಿನಲ್ಲಿ ಒಂದೋ ಎರಡೋ ಪದ ಬಂದರೆ ಸಹಜ. ವಾಕ್ಯದ ತುಂಬ ಪ್ರಾಸಪದ ತುರುಕಿದರೆ ಅದು ಸಿನಿಮಾ ಕಾಕ್ನಿ, ಪ್ರವಾಸಿಗರ ಟೀ ಟವೆಲಿನ ಮೇಲಿನ ಕಾಕ್ನಿ. ಮೆಟ್ಟಿಲಿನ ‘ಆ್ಯಪಲ್ಸ್ ಅಂಡ್ ಪೇರ್ಸ್’ ಎಲ್ಲ ಪುಸ್ತಕಗಳಲ್ಲೂ ಮೊದಲ ಉದಾಹರಣೆ, ಆದರೆ ನಿಜವಾದ ಮಾತಿನಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ‘ಲೋಫ್’, ‘ರ್‍ಯಾಬಿಟ್’, ‘ಬುಚರ್ಸ್’ ದಿನವೂ ಕೇಳುತ್ತವೆ.

ಕಡಲಾಚೆ

18ನೆಯ ಶತಮಾನದ ಕೊನೆಯಿಂದ ಕೈದಿಗಳಾಗಿ, ಆಮೇಲೆ ವಲಸಿಗರಾಗಿ ಲಂಡನ್ನಿನವರು ಆಸ್ಟ್ರೇಲಿಯಾಕ್ಕೆ ಹೋದರು. ಪ್ರಾಸ ಕಟ್ಟುವ ಚಟ ಅಲ್ಲೂ ಬೇರು ಬಿಟ್ಟು ತನ್ನದೇ ಪದಗಳನ್ನು ಬೆಳೆಸಿತು. ಅಲ್ಲಿ ‘ಲುಕ್’ಗೆ ಸಿಕ್ಕ ಪ್ರಾಸ ‘ಕ್ಯಾಪ್ಟನ್ ಕುಕ್’: 1770ರಲ್ಲಿ ಆ ಖಂಡದ ಪೂರ್ವ ಕರಾವಳಿಯ ನಕ್ಷೆ ಬರೆದ ನಾವಿಕ ಜೇಮ್ಸ್ ಕುಕ್. ‘ಬುಚರ್ಸ್ ಹುಕ್’ ಅಲ್ಲೂ ಇದೆ, ಆದರೆ ಅರ್ಥ ಬೇರೆ. ಆಸ್ಟ್ರೇಲಿಯಾದವರ ಮಾತಿನಲ್ಲಿ ‘ಕ್ರುಕ್’ ಎಂದರೆ ಹುಷಾರಿಲ್ಲದ, ಸಿಟ್ಟಾದ ಎಂದರ್ಥ. ಕೊಕ್ಕೆ ಅಲ್ಲಿ ಆ ಪದಕ್ಕೆ ಸಿಕ್ಕಿಕೊಂಡಿತು. ಅಮೆರಿಕನ್ನರಿಗೆ ಆಸ್ಟ್ರೇಲಿಯನ್ನರು ಇಟ್ಟ ‘ಸೆಪ್ಪೊ’ ಎಂಬ ಹೆಸರು ಎರಡು ಮೆಟ್ಟಿಲು ಇಳಿದು ಬಂದದ್ದು: ‘ಯ್ಯಾಂಕ್’ಗೆ ಪ್ರಾಸ ‘ಸೆಪ್ಟಿಕ್ ಟ್ಯಾಂಕ್’, ಅದರ ಮೊಟಕು ರೂಪ ‘ಸೆಪ್ಪೊ’.

ಈಗಿನ ಸ್ಥಿತಿ

ಎರಡನೆಯ ಮಹಾಯುದ್ಧದ ಬಾಂಬುಗಳು ಪೂರ್ವ ಲಂಡನ್ನಿನ ಬೀದಿಗಳನ್ನು ನೆಲಸಮ ಮಾಡಿದ ಮೇಲೆ, 1946ರ ಹೊಸ ನಗರಗಳ ಕಾಯ್ದೆಯಂತೆ ಕಟ್ಟಿದ ಹಾರ್ಲೋ, ಬ್ಯಾಸಿಲ್ಡನ್ ಮುಂತಾದ ಊರುಗಳಿಗೆ ಸಾವಿರಾರು ಕುಟುಂಬಗಳು ತೆರಳಿದವು. ಹಡಗುಕಟ್ಟೆಗಳು ಮುಚ್ಚಿದಾಗ ಉಳಿದವರಲ್ಲೂ ಅನೇಕರು ಎಸೆಕ್ಸ್ ಜಿಲ್ಲೆಯ ಕಡೆ ನಡೆದರು. ಹಳೆಯ ಕಾಕ್ನಿ ಉಚ್ಚಾರ ಇಂದು ಹೆಚ್ಚಾಗಿ ಕೇಳುವುದು ಅಲ್ಲಿ. ಪೂರ್ವ ಲಂಡನ್ನಿನ ಬೀದಿಗಳಲ್ಲಿ ಕೆರಿಬಿಯನ್, ಬಂಗಾಳಿ, ಪಶ್ಚಿಮ ಆಫ್ರಿಕಾದ ಮನೆಗಳ ಮಕ್ಕಳು ಸೇರಿ ಕಟ್ಟಿದ ಹೊಸ ನುಡಿಯಿದೆ. ಭಾಷಾವಿಜ್ಞಾನಿಗಳು ಅದನ್ನು ಬಹುಸಂಸ್ಕೃತಿಯ ಲಂಡನ್ ಇಂಗ್ಲಿಷ್ ಎನ್ನುತ್ತಾರೆ. ಅವರಲ್ಲೊಬ್ಬರಾದ ಪಾಲ್ ಕರ್ಸ್‌ವಿಲ್, ಒಂದು ತಲೆಮಾರು ಕಳೆಯುವಷ್ಟರಲ್ಲಿ ಕಾಕ್ನಿ ತನ್ನ ಹುಟ್ಟೂರಿನಿಂದ ಮರೆಯಾಗುತ್ತದೆ ಎಂದು 2010ರಲ್ಲಿ ಹೇಳಿದರು.

ಹುಟ್ಟೂರಿನಲ್ಲಿ ಸವೆದ ನುಡಿ ಪ್ರದರ್ಶನದ ವಸ್ತುವಾಗಿ ಮರಳುವುದೂ ನಡೆದಿದೆ. 2009ರಲ್ಲಿ ಪೂರ್ವ ಲಂಡನ್ನಿನ ಕೆಲವು ಎ.ಟಿ.ಎಂ.ಗಳು ಕಾಕ್ನಿಯನ್ನೂ ಭಾಷೆಗಳ ಪಟ್ಟಿಗೆ ಸೇರಿಸಿ, ನಗದಿಗೆ ‘ಸಾಸೇಜ್ ಅಂಡ್ ಮ್ಯಾಶ್’ ಎಂದೂ ಪಿನ್ ಸಂಖ್ಯೆಗೆ ‘ಹಕಲ್‌ಬೆರಿ ಫಿನ್’ ಎಂದೂ ತೋರಿಸಿದವು. ಇಂಥದ್ದರ ಆಚೆಗೆ ಪ್ರಾಸ ಕಟ್ಟುವ ಕೈ ಇನ್ನೂ ನಿಂತಿಲ್ಲ. ಬಿಯರಿಗೆ ‘ಬ್ರಿಟ್ನಿ ಸ್ಪಿಯರ್ಸ್’, ಹತ್ತು ಪೌಂಡಿನ ನೋಟಾದ ‘ಟೆನ್ನರ್’ಗೆ ಕಾರು ರೇಸಿನ ‘ಅಯರ್ಟನ್ ಸೆನ್ನಾ’, ಎಲ್ಲ ಕೆಟ್ಟುಹೋಯಿತು ಎನ್ನುವಾಗಿನ ‘ರಾಂಗ್’ಗೆ ರೇಡಿಯೊ ಡಿ.ಜೆ. ‘ಪೀಟ್ ಟಾಂಗ್’ ಬಂದಿದ್ದಾರೆ. ಹಳೆಯವಕ್ಕೂ ಇವಕ್ಕೂ ಒಂದು ವ್ಯತ್ಯಾಸವಿದೆ. ಈ ಹೊಸ ಹೆಸರುಗಳು ಮೊಟಕಾಗದೆ ಇಡಿಯಾಗಿ ಬಳಕೆಯಾಗುವುದೇ ಹೆಚ್ಚು, ಏಕೆಂದರೆ ಅವನ್ನು ಆಡುವವರು ಒಂದು ಬೀದಿಯವರಲ್ಲ, ದೇಶದ ತುಂಬ ಹರಡಿದವರು. ಸುಳಿವನ್ನು ನುಂಗಿಕೊಂಡರೆ ಕೇಳುವವನಿಗೆ ದಿಕ್ಕು ತಿಳಿಯುವುದಿಲ್ಲ. ಪ್ರಾಸವನ್ನು ಬಾಯಿಗೆ ತರದೆ ಬಿಡುವ ಧೈರ್ಯ ಬರಬೇಕಾದರೆ ಆಡುವವನೂ ಕೇಳುವವನೂ ಬಹುಕಾಲ ಒಂದೇ ಮಾತಿನ ಬಳಗದಲ್ಲಿ ಇದ್ದಿರಬೇಕಾಗುತ್ತದೆ.